ವಕಾಲತ್ತು ಬರೆದುಕೊಟ್ಟ ಮೇಲೆ ಪಾಪ ಯಾರದು?

ದೆಹಲಿಯ ದಂಪತಿಯೊಬ್ಬರ ವಿಚ್ಛೇದನದ ಮೊಕದ್ದಮೆ 1993ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಗಂಡ ವೃತ್ತಿಯಿಂದ ವಕೀಲರು. ಹೆಂಡತಿಯ ನಡತೆಯ ಮೇಲೆ ಆರೋಪ ಹೊರಿಸಿ ವಿಚ್ಛೇದನ ಕೇಳಿದ್ದರು. ಹೆಂಡತಿ ಸಲ್ಲಿಸಿದ ಆಕ್ಷೇಪಣೆಯಲ್ಲಿ, ಗಂಡನಿಗೆ ಮಾನಸಿಕ ಕಾಯಿಲೆ ಇದೆ, ಇಲ್ಲದ್ದನ್ನೆಲ್ಲ ಭ್ರಮಿಸಿಕೊಂಡು ಸಂಶಯ ಪಡುತ್ತಾರೆ ಎಂದು ಬರೆಸಿದ್ದರು. ಪಾಟೀಸವಾಲಿನಲ್ಲಿ ಅವರ ಪರ ವಕೀಲರು ಇನ್ನಷ್ಟು ಮುಂದೆ ಹೋಗಿ, ಗಂಡನ ಮನೆಮಂದಿಗೆಲ್ಲ ಬುದ್ಧಿ ಸ್ಥಿಮಿತವಿಲ್ಲ ಎಂಬರ್ಥದ ಪ್ರಶ್ನೆ ಹಾಕಿದರು. ಕೊನೆಗೆ ಹೆಂಡತಿಯ ಮೇಲಿನ ಆರೋಪ ರುಜುವಾತಾಗಲಿಲ್ಲ. ಅವರ ಮಾನಕ್ಕೆ ಯಾವ ಕುಂದೂ ಇಲ್ಲ ಎಂದು ನ್ಯಾಯಾಲಯವೇ ಹೇಳಿತು. ಆದರೂ ವಿಚ್ಛೇದನ ಸಿಕ್ಕಿದ್ದು ಗಂಡನಿಗೆ. ಹೆಂಡತಿಯ ಪರವಾಗಿ ಬರೆದ ಮತ್ತು ಕೇಳಿದ ಆ ಮಾತುಗಳೇ ಮಾನಸಿಕ ಕ್ರೌರ್ಯ ಎನಿಸಿಕೊಂಡವು.

ಪ್ರಶ್ನೆ ಕೇಳಿದ್ದು ವಕೀಲರು, ಕ್ರೌರ್ಯದ ಹೊಣೆ ಬಿದ್ದದ್ದು ಕಕ್ಷಿದಾರರ ತಲೆಗೆ. ವಕೀಲರು ತಾವಾಗಿಯೇ ಹಾಗೆ ಕೇಳಿರಲಾರರು, ಕಕ್ಷಿದಾರರ ಸೂಚನೆಯಂತೆಯೇ ಕೇಳಿರುತ್ತಾರೆ ಎಂಬುದು ನ್ಯಾಯಾಲಯ ಹಿಡಿದ ನಿಲುವು.

ಸಂಸಾರದ ವ್ಯಾಜ್ಯಕ್ಕೆ ವಕೀಲರನ್ನು ಹುಡುಕುವಾಗ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಬೇರೆ. ಫೀಸು ಎಷ್ಟು, ಎಷ್ಟು ವಾಯಿದೆಗೆ ಮುಗಿಯುತ್ತದೆ, ಎದುರು ಪಾರ್ಟಿಯ ವಕೀಲರಿಗಿಂತ ಇವರು ಜೋರೇ, ನಮ್ಮ ಜಾತಿ ಜನಾಂಗದವರೇ. ಧರ್ಮಶಾಸ್ತ್ರಗಳು ಮತ್ತು ಇಂದಿನ ತೀರ್ಪುಗಳು ಒಟ್ಟಾಗಿ ಎತ್ತುವ ಪ್ರಶ್ನೆ ಈ ಪಟ್ಟಿಯಲ್ಲಿ ಇರುವುದಿಲ್ಲ: ನನ್ನ ಹೆಸರಿನಲ್ಲಿ ಇನ್ನೊಬ್ಬರು ಆಡುವ ಮಾತಿನ ಪಾಪಪುಣ್ಯ ಯಾರ ಲೆಕ್ಕಕ್ಕೆ ಸೇರುತ್ತದೆ?

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಒಂದು ಲೆಕ್ಕವಿದೆ. ಸಭೆಯಲ್ಲಿ ಅನ್ಯಾಯ ನಡೆದರೆ ಆ ಅಧರ್ಮ ನಾಲ್ಕು ಪಾಲಾಗುತ್ತದೆ. ಒಂದು ಪಾಲು ತಪ್ಪು ಮಾಡಿದವನಿಗೆ, ಒಂದು ಸಾಕ್ಷಿಗೆ, ಒಂದು ಸಭಾಸದರಿಗೆ, ಕೊನೆಯದು ರಾಜನಿಗೆ. ಹಂಚಿಕೆ ಇಷ್ಟು ಕರಾರುವಾಕ್ಕಾಗಿದ್ದರೂ ಅದರಲ್ಲಿ ವಕೀಲನಿಗೆ ಪಾಲಿಲ್ಲ. ಆ ಕಾಲದ ನ್ಯಾಯಸಭೆಯಲ್ಲಿ ಇಂದಿನ ಅರ್ಥದ ವಕೀಲ ವೃತ್ತಿ ಇರಲಿಲ್ಲ ಎಂಬುದು ಅದಕ್ಕೆ ಒಂದು ಕಾರಣ. ಆದರೆ ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡುವುದು ಶಾಸ್ತ್ರಕಾರರಿಗೆ ಗೊತ್ತಿಲ್ಲದ ಸಂಗತಿಯಲ್ಲ. ನಾರದಸ್ಮೃತಿ ಅದನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ನೇಮಿಸಿದ ಪ್ರತಿನಿಧಿ ಸಭೆಯಲ್ಲಿ ಮಾತಾಡಿದರೆ ಗೆಲುವಾಗಲಿ ಸೋಲಾಗಲಿ ನೇಮಿಸಿದವನದೇ, ಪ್ರತಿನಿಧಿಯದಲ್ಲ. ತಂದೆ, ಮಗ, ಸಹೋದರ ಅಥವಾ ನೇಮಿತನಾದವನು ಅಲ್ಲದ ಯಾರಾದರೂ ನಡುವೆ ಬಾಯಿ ಹಾಕಿದರೆ ಅಂಥವನಿಗೆ ಶಿಕ್ಷೆ ಎಂದೂ ಅದು ಸೇರಿಸುತ್ತದೆ.

ಕರ್ನಾಟಕಕ್ಕೆ ಈ ಚರ್ಚೆ ಹೊರಗಿನದಲ್ಲ. ಬಹುಪಾಲು ಭಾರತದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಶತಮಾನಗಳ ಕಾಲ ಆಧಾರವಾದ ಮಿತಾಕ್ಷರಾ ಹುಟ್ಟಿದ್ದು ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವದು. ವ್ಯಾಜ್ಯಕ್ಕೆ ನಾಲ್ಕು ಪಾದ ಎನ್ನುವ ಯಾಜ್ಞವಲ್ಕ್ಯನ ಕ್ರಮವನ್ನು ಅದು ಬಿಡಿಸಿ ಹೇಳುತ್ತದೆ: ವಾದಿಯ ಹೇಳಿಕೆ, ಪ್ರತಿವಾದಿಯ ಉತ್ತರ, ಪುರಾವೆ, ನಿರ್ಣಯ. ಮೊದಲ ಎರಡು ಪಾದಗಳು ಕಕ್ಷಿದಾರರ ಮಾತಿನ ಮೇಲೆ ನಿಂತಿವೆ. ಇಂದು ಅರ್ಜಿ ಮತ್ತು ಆಕ್ಷೇಪಣೆ ಎನ್ನುವುದು ಅವನ್ನೇ. ವ್ಯತ್ಯಾಸವಿಷ್ಟೆ, ಈಗ ಅವುಗಳನ್ನು ಬರೆಯುವವರು ವಕೀಲರು.

ಬರೆದವರು ವಕೀಲರೇ ಆದರೂ ಕೊನೆಯ ಪುಟದ ಕೆಳಗಿರುವ ಪುಟ್ಟ ಪ್ಯಾರಾಕ್ಕೆ ಸಹಿ ಮಾಡುವವರು ಅರ್ಜಿದಾರರು. ಮೇಲೆ ಹೇಳಿದ ಸಂಗತಿಗಳು ತಮಗೆ ತಿಳಿದ ಮಟ್ಟಿಗೆ ಸತ್ಯ ಎಂದು ದೃಢೀಕರಿಸುವ ಪ್ಯಾರಾ ಅದು. ಸಿವಿಲ್ ಪ್ರಕ್ರಿಯಾ ಸಂಹಿತೆ ಅದನ್ನು ಕಡ್ಡಾಯ ಮಾಡಿದೆ. ವಕೀಲರ ಗುಮಾಸ್ತ ಪೆನ್ಸಿಲಿನಲ್ಲಿ ಗುರುತು ಹಾಕಿದಲ್ಲೆಲ್ಲ ಸಹಿ ಹಾಕುತ್ತ ಹೋಗುವ ಕಕ್ಷಿದಾರರಲ್ಲಿ ಹೆಚ್ಚಿನವರು ಆ ಪ್ಯಾರಾದ ಮೇಲಿರುವ ಹತ್ತು ಹದಿನೈದು ಪುಟ ಓದಿರುವುದಿಲ್ಲ. ಅರ್ಜಿ ಇಂಗ್ಲಿಷಿನಲ್ಲಿದ್ದರಂತೂ ಕೇಳುವುದೇ ಬೇಡ. ಅಧೀನ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿದ್ದೂ ತಮ್ಮ ಸಂಸಾರದ ಬಗ್ಗೆ ತಾವೇ ಏನು ಹೇಳಿದ್ದೇವೆ ಎಂಬುದನ್ನು ಇನ್ನೊಬ್ಬರಿಂದ ಕೇಳಿ ತಿಳಿಯುವ ಸ್ಥಿತಿ ಅವರದು.

ಈ ಸಹಿ ಎಷ್ಟು ಗಟ್ಟಿ ಎಂಬುದಕ್ಕೆ 2003ರ ಇನ್ನೊಂದು ಸುಪ್ರೀಂ ಕೋರ್ಟ್ ತೀರ್ಪು ಸಾಕ್ಷಿ. ಅಲ್ಲಿ ಗಂಡ ಹೆಂಡತಿಯ ಶೀಲದ ಬಗ್ಗೆ ಹೀನವಾದ ಆರೋಪಗಳನ್ನು ತನ್ನ ಹೇಳಿಕೆಯಲ್ಲಿ ಬರೆಸಿದ್ದ. ಆಮೇಲೆ ತಿದ್ದುಪಡಿ ಅರ್ಜಿ ಹಾಕಿ ಅವನ್ನು ತೆಗೆಸಿಯೂ ಬಿಟ್ಟ. ತೆಗೆಸಿದ ಮಾತ್ರಕ್ಕೆ ಆಡಿದ ಮಾತು ಆಡಲಿಲ್ಲವೆಂದಾಗುವುದಿಲ್ಲ, ಆದ ಗಾಯ ಆಗಿಯೇ ಇದೆ ಎಂದು ನ್ಯಾಯಾಲಯ ಅದನ್ನು ಕ್ರೌರ್ಯವೆಂದೇ ಎಣಿಸಿತು. ಕೇಸಿಗೆ ಬಲ ಬರಲೆಂದು ಒಂದಿಷ್ಟು ಸೇರಿಸೋಣ, ಆಮೇಲೆ ನೋಡಿಕೊಳ್ಳೋಣ ಎನ್ನುವ ಸಲಹೆ ಕೊಟ್ಟವರು ಮುಂದಿನ ಕೇಸಿಗೆ ಹೋಗುತ್ತಾರೆ. ಸಹಿ ಮಾಡಿದವರು ಹೋಗಲಾರರು.

ಹಾಗಾದರೆ ವಕೀಲರ ಪಾಲಿಗೆ ಏನೂ ಇಲ್ಲವೇ? ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಇದೆ ಎನ್ನುತ್ತವೆ. ವಕೀಲರು ಕಕ್ಷಿದಾರರ ಬರಿಯ ಬಾಯಿಯಂತೆ ವರ್ತಿಸಕೂಡದು, ಸ್ವಂತ ವಿವೇಕ ಬಳಸಬೇಕು. ಕಕ್ಷಿದಾರರು ಅಡ್ಡದಾರಿ ಹಿಡಿದರೆ ತಡೆಯಲು ಯತ್ನಿಸಬೇಕು, ಕೇಳದೆ ಹಟ ಹಿಡಿದರೆ ಕೇಸು ಬಿಡಬೇಕು. ಅದೇ ನಿಯಮಗಳು ಕಕ್ಷಿದಾರರ ಹಿತವನ್ನು ನಿರ್ಭಯವಾಗಿ ಎತ್ತಿಹಿಡಿಯಬೇಕೆಂದೂ ವಿಧಿಸುತ್ತವೆ. ಈ ಎರಡು ಆಜ್ಞೆಗಳ ನಡುವಿನ ಇಕ್ಕಟ್ಟಿನಲ್ಲೇ ವಕೀಲ ವೃತ್ತಿಯ ಧರ್ಮಸಂಕಟವಿದೆ. ಜಮೀನಿನ ಗಡಿಯ ವ್ಯಾಜ್ಯದಲ್ಲಿ ಅದು ಅಷ್ಟಾಗಿ ಬಾಧಿಸದು. ಐದು ವರ್ಷದ ಮಗು ಯಾರ ಬಳಿ ಇರಬೇಕು ಎನ್ನುವಾಗ, ಅಪ್ಪನ ಹಿತ ಅಥವಾ ಅಮ್ಮನ ಹಿತ ಎಂದು ವಕೀಲರು ಹೋರಾಡುತ್ತಿರುವಾಗಲೇ ಕಾನೂನು ಮಗುವಿನ ಹಿತವೇ ಮೊದಲು ಎನ್ನುತ್ತದೆ. ಆ ಮಗುವಿಗೆ ವಕಾಲತ್ತು ಬರೆದುಕೊಡುವ ವಯಸ್ಸಲ್ಲ.

ವಾಕ್ಚಾತುರ್ಯದ ಗೆಲುವಿನ ಬಗ್ಗೆ ಇಸ್ಲಾಂ ಸಂಪ್ರದಾಯದ ಎಚ್ಚರಿಕೆ ಇನ್ನೂ ಖಡಕ್ಕಾಗಿದೆ. ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಹೇಳಿದ ಹದೀಸೊಂದನ್ನು ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳು ದಾಖಲಿಸಿವೆ. ಅದರ ತಾತ್ಪರ್ಯವಿಷ್ಟು: ಪ್ರವಾದಿಯವರೂ ಮನುಷ್ಯರೇ, ಕೇಳಿದ್ದರ ಮೇಲೆ ತೀರ್ಪು ಕೊಡುವವರು. ಇಬ್ಬರಲ್ಲಿ ಒಬ್ಬ ಹೆಚ್ಚು ಚೆನ್ನಾಗಿ ವಾದಿಸಿ ಅವರಿಂದ ಅನುಕೂಲ ತೀರ್ಪು ಪಡೆದು ಸಹೋದರನ ಹಕ್ಕನ್ನು ಕಿತ್ತುಕೊಂಡರೆ, ಅವನು ಪಡೆದದ್ದು ಬೆಂಕಿಯ ತುಂಡು. ತೀರ್ಪು ಕೈಗೆ ಬಂದ ಮಾತ್ರಕ್ಕೆ ಆ ವಸ್ತು ಪಡೆದವನ ಪಾಲಿಗೆ ಶುದ್ಧವಾಗುವುದಿಲ್ಲ. ಪ್ರವಾದಿಯವರ ತೀರ್ಪಿಗೇ ಈ ಮಿತಿ ಇದ್ದರೆ ಜಿಲ್ಲಾ ನ್ಯಾಯಾಲಯದ ಡಿಕ್ರಿಯ ಮಾತೇನು! ಗಂಡಹೆಂಡಿರಲ್ಲಿ ಬಿರುಕು ಬಂದಾಗ ಎರಡೂ ಕಡೆಯ ಮನೆಯಿಂದ ಒಬ್ಬೊಬ್ಬ ಪಂಚರನ್ನು ಕೂರಿಸಬೇಕೆಂದು ಕುರ್‌ಆನಿನ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಕ್ರೈಸ್ತರಲ್ಲಿ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಸಹೋದರರು ಪರಸ್ಪರ ಕೋರ್ಟು ಹತ್ತುವುದನ್ನೇ ಸೋಲೆಂದು ಬಗೆಯುತ್ತಾನೆ. ಕನ್ನಡದ ಗಾದೆ ಅದನ್ನೇ ಒರಟಾಗಿ ಹೇಳುತ್ತದೆ: ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ.

ಈ ಮಾತನ್ನು ವೃತ್ತಿಯ ಒಳಗಿನಿಂದಲೇ ಕಂಡುಕೊಂಡವರು ಗಾಂಧೀಜಿ. 1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಮತ್ತು ತಯ್ಯಬ್ ಸೇಠರ ನಡುವಿನ 40,000 ಪೌಂಡಿನ ದಾವೆಯ ಕೆಲಸಕ್ಕೆ. ಇಬ್ಬರೂ ಬಂಧುಗಳು. ವಕೀಲರ ಫೀಸೇ ಇಬ್ಬರನ್ನೂ ಮುಳುಗಿಸುತ್ತದೆ ಎಂದು ಕಂಡ ಗಾಂಧೀಜಿ ಇಬ್ಬರನ್ನೂ ಒಪ್ಪಿಸಿ ಪಂಚಾಯ್ತಿಗೆ ತಂದರು. ಅಲ್ಲಿ ಗೆದ್ದವರು ಅಬ್ದುಲ್ಲಾ. ಆದರೆ ಸೋತವರು ಒಂದೇ ಏಟಿಗೆ ಸುಮಾರು 37,000 ಪೌಂಡು ಮತ್ತು ಖರ್ಚು ಕೊಡಬೇಕಾಗಿ ಬಂದರೆ ದಿವಾಳಿಯಾಗುತ್ತಿದ್ದರು. ಕಂತಿನಲ್ಲಿ ಪಡೆಯಲು ಅಬ್ದುಲ್ಲಾರನ್ನು ಒಪ್ಪಿಸುವುದೇ ಹೆಚ್ಚು ಕಷ್ಟದ ಕೆಲಸವಾಯಿತು ಎಂದು ಆತ್ಮಕಥೆಯಲ್ಲಿ ಅವರು ನೆನೆಯುತ್ತಾರೆ. ಒಡೆದವರನ್ನು ಕೂಡಿಸುವುದೇ ವಕೀಲನ ನಿಜವಾದ ಕೆಲಸ ಎಂಬ ಅರಿವು ಬಂದದ್ದು ಅಲ್ಲಿಂದ. ಗೆದ್ದುಕೊಟ್ಟ ಮೇಲೆ ಕಕ್ಷಿದಾರನ ಕೈ ಹಿಡಿದು ನಿಲ್ಲಿಸುವ ವಕೀಲರು ಅಂದೂ ಅಪರೂಪ, ಇಂದೂ ಅಪರೂಪ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ಈ ನಂಬಿಕೆಯ ನೆರಳಿದೆ. ಮೊದಲು ರಾಜಿಗೆ ಯತ್ನಿಸುವುದು ನ್ಯಾಯಾಲಯದ ಕರ್ತವ್ಯ ಎಂದು ಅದರ 9ನೆಯ ಸೆಕ್ಷನ್ ಹೇಳಿದರೆ, 13ನೆಯದು ಇನ್ನೂ ಮುಂದೆ ಹೋಗಿ ಅಲ್ಲಿ ವಕೀಲರ ಮೂಲಕ ವಾದಿಸುವುದು ಯಾರ ಹಕ್ಕೂ ಅಲ್ಲ ಎನ್ನುತ್ತದೆ. ನ್ಯಾಯಾಲಯ ಬೇಕೆನಿಸಿದರೆ ಕಾನೂನು ಬಲ್ಲವರನ್ನು ತನ್ನ ಸಹಾಯಕ್ಕೆ ಕರೆಯಬಹುದು. ರೂಢಿಯಲ್ಲಿ ಅನುಮತಿ ಕೇಳಿ ವಕೀಲರು ಬರುತ್ತಾರೆ, ಅನುಮತಿ ಸಿಗುತ್ತದೆ. ಆದರೂ ಶಾಸನದ ಮನಸ್ಸು ಸ್ಪಷ್ಟ: ಇಲ್ಲಿ ಕಕ್ಷಿದಾರರೇ ಮಾತಾಡಲಿ. ಬೆಂಗಳೂರಿನಲ್ಲಿ 2007ರಿಂದ ನಡೆಯುತ್ತಿರುವ ಮಧ್ಯಸ್ಥಿಕೆ ಕೇಂದ್ರಕ್ಕೆ ಕೌಟುಂಬಿಕ ವ್ಯಾಜ್ಯಗಳು ಹೋಗುತ್ತವೆ. ಅಲ್ಲಿ ಆಡಿದ ಮಾತು ಅಲ್ಲಿಗೇ ಮುಗಿಯುತ್ತದೆ, ಅದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಎತ್ತುವಂತಿಲ್ಲ.

ರಾಜಿಯೇ ಯಾವಾಗಲೂ ಧರ್ಮ ಎಂದು ಇಷ್ಟರಿಂದ ತೀರ್ಮಾನಿಸಿದರೆ ಅದು ಇನ್ನೊಂದು ಅನ್ಯಾಯಕ್ಕೆ ದಾರಿ. ಹೊಡೆತ ತಿಂದು ತವರಿಗೆ ಬಂದವಳಿಗೆ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎನ್ನುವ ಉಪದೇಶ ಊರಿನಲ್ಲಿ ಪುಕ್ಕಟೆ ಸಿಗುತ್ತದೆ, ಅದಕ್ಕೆ ವಕೀಲರ ಆಫೀಸಿಗೆ ಹೋಗಬೇಕಿಲ್ಲ. ಕೌಟುಂಬಿಕ ದೌರ್ಜನ್ಯ ತಡೆಗೆಂದೇ ಬಂದ 2005ರ ಕಾಯ್ದೆ ಅವಳಿಗೆ ರಕ್ಷಣೆಯ ಆದೇಶವನ್ನೂ, ಸಂಸಾರ ಮಾಡಿದ ಮನೆಯಲ್ಲೇ ಇರುವ ಹಕ್ಕನ್ನೂ ಕೊಡುತ್ತದೆ. ಅಂಥ ಸಂದರ್ಭದಲ್ಲಿ ರಾಜಿಯ ಮಾತನ್ನು ಬದಿಗಿಟ್ಟು ಮೊದಲ ದಿನವೇ ಆ ಆದೇಶಕ್ಕೆ ಅರ್ಜಿ ಬರೆಯುವವರೇ ಧರ್ಮ ಬಲ್ಲ ವಕೀಲರು. ಗಾಂಧೀಜಿ ಕೂಡಿಸಿದ ಇಬ್ಬರೂ ಸರಿಸಮಾನ ಬಲದ ವ್ಯಾಪಾರಿಗಳಾಗಿದ್ದರು ಎಂಬುದನ್ನು ಅವರ ಮಾತನ್ನು ಉಲ್ಲೇಖಿಸುವವರು ಮರೆಯುತ್ತಾರೆ.

ಧರ್ಮದ ಇನ್ನೊಂದು ಅರ್ಥವೂ ಇಲ್ಲಿ ತಲೆ ಹಾಕುತ್ತದೆ. ಭಾರತದ ಕೌಟುಂಬಿಕ ಕಾನೂನು ಬಹುಮಟ್ಟಿಗೆ ಮತವನ್ನು ನೋಡಿ ಅನ್ವಯವಾಗುತ್ತದೆ. ಹಿಂದೂ ವಿವಾಹ ಕಾಯ್ದೆ ಮದುವೆಯನ್ನು ಸಂಸ್ಕಾರವಾಗಿ ಕಾಣುತ್ತಲೇ ಅದನ್ನು ಮುರಿಯುವ ದಾರಿಯನ್ನೂ ಬರೆದಿಟ್ಟಿದೆ. ಮುಸ್ಲಿಂ ವಿವಾಹ ಕರಾರಿನ ಸ್ವರೂಪದ್ದು. ಕ್ಯಾಥೊಲಿಕ್ ಸಭೆಗೆ ಅದು ಮನುಷ್ಯರು ಬಿಚ್ಚಲಾಗದ ಸಂಸ್ಕಾರ. ಹಾಗಾಗಿ ‘ನಮ್ಮವರೇ’ ಆದ ವಕೀಲರು ಬೇಕು ಎನ್ನುವ ಆಸೆಗೆ ಒಂದು ನೆಪವಿದೆ. ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ, ಏಕೆಂದರೆ ಆಚಾರ ಗೊತ್ತಿರುವವರಿಗೆ ಕೇಸಿನ ಒಳಸುಳಿ ಬೇಗ ತಿಳಿಯುತ್ತದೆ. ಆದರೆ ಅಪಾಯವೂ ಅಲ್ಲೇ ಇದೆ: ಆಚಾರ ಒಪ್ಪಿದ್ದನ್ನು ಕಾನೂನೂ ಒಪ್ಪುತ್ತದೆ ಎಂದು ನಂಬಿಬಿಡುವುದು.

ಮಂಗಳೂರಿನ ಕ್ಯಾಥೊಲಿಕ್ ಮುಖಂಡ, ಹಿರಿಯ ವಕೀಲ ಕ್ಲಾರೆನ್ಸ್ ಪಾಯಸ್ ಸುಪ್ರೀಂ ಕೋರ್ಟಿಗೆ ಹೋದದ್ದು ಇದೇ ಗಂಟು ಬಿಡಿಸಲು. ಚರ್ಚಿನ ನ್ಯಾಯಮಂಡಳಿ ಮದುವೆಯನ್ನು ಅಸಿಂಧು ಎಂದು ಸಾರಿದರೆ ಸರ್ಕಾರದ ಕಾನೂನೂ ಅದನ್ನು ಒಪ್ಪಬೇಕು ಎಂಬುದು ಅವರ ಕೋರಿಕೆ. 2017ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಚರ್ಚಿನ ಆದೇಶವನ್ನಷ್ಟೇ ನಂಬಿ ಮರುಮದುವೆಯಾದ ಕ್ಯಾಥೊಲಿಕರು ಕಾನೂನಿನ ಕಣ್ಣಿನಲ್ಲಿ ಮೊದಲ ಮದುವೆಯಲ್ಲೇ ಉಳಿದಿರುತ್ತಾರೆ. ಕೋರ್ಟಿನ ಡಿಕ್ರಿಯನ್ನಷ್ಟೇ ಪಡೆದವರು ಚರ್ಚಿನೊಳಗೆ ಮತ್ತೆ ಮದುವೆಯಾಗಲಾರರು. ಮಂಗಳೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಇಂಥ ಕೇಸು ಹಿಡಿಯುವ ವಕೀಲರು ಇವೆರಡೂ ಬೇರೆ ಬೇರೆ ಬಾಗಿಲು ಎಂದು ಮೊದಲ ಭೇಟಿಯಲ್ಲೇ ಹೇಳಬೇಕು.

ಉತ್ತರ ಕರ್ನಾಟಕದ ಕೆಲವು ಸಮುದಾಯಗಳಲ್ಲಿ ಸೋಡಚೀಟಿ ಎಂಬ ರೂಢಿಯಿದೆ. ಹಿರಿಯರ ಎದುರು ಬರೆದುಕೊಟ್ಟು ಮದುವೆ ಬಿಡಿಸಿಕೊಳ್ಳುವ ಕ್ರಮ. ಹಿಂದೂ ವಿವಾಹ ಕಾಯ್ದೆಯ 29ನೆಯ ಸೆಕ್ಷನ್ ರೂಢಿಯ ವಿಚ್ಛೇದನವನ್ನು ಒಪ್ಪುತ್ತದೆ ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಇದೆಯೆಂದು ಅರ್ಜಿಯಲ್ಲಿ ಹೇಳಿ ರುಜುವಾತು ಮಾಡಬೇಕು, ಬರಿಯ ಪತ್ರ ಸಾಲದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಛಾಪಾ ಕಾಗದದ ಮೇಲೆ ಬರೆದ ಬಿಡುಗಡೆ ಸಾಕು ಎಂದು ಹೇಳುವವರು ಸ್ವಂತ ಜಾತಿಯ ವಕೀಲರೇ ಆಗಿದ್ದರೂ ಸಲಹೆ ಸುಳ್ಳೇ.

ಆಸ್ತಿಯ ಮಾತಿಗೆ ಬಂದರೆ ನೆಲದ ಚರಿತ್ರೆ ಇನ್ನೂ ದಟ್ಟ. ತುಳುನಾಡಿನ ಅಳಿಯಸಂತಾನ ಕುಟುಂಬಗಳಲ್ಲಿ ಆಸ್ತಿ ಹರಿದದ್ದು ತಾಯಿಯ ಕಡೆಯಿಂದ. ಅದಕ್ಕೆ 1949ರ ಮದ್ರಾಸ್ ಕಾಯ್ದೆ ಬೇರೆ ಇತ್ತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಅವರಿಗೆ ಬೇರೆ ಸೆಕ್ಷನ್ ಬರೆದಿದೆ. ಹಳೆ ಮೈಸೂರಿನಲ್ಲಿ 1933ರಷ್ಟು ಹಿಂದೆಯೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂದಿತ್ತು. 1994ರಲ್ಲಿ ಕರ್ನಾಟಕವೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟ ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಯಾಯಿತು.

ಅಲ್ಲಿಂದ ಮುಂದಿನದು ಇನ್ನೂ ದೊಡ್ಡ ಪಾಠ. 1992ರಲ್ಲಿ ಬೆಳಗಾವಿಯ ಸಿವಿಲ್ ನ್ಯಾಯಾಲಯದಲ್ಲಿ ಮಗಳೊಬ್ಬಳು ಹೂಡಿದ ಪಾಲಿನ ದಾವೆ ಸುಪ್ರೀಂ ಕೋರ್ಟಿಗೆ ಹೋಗಿ 2015ರಲ್ಲಿ ತೀರ್ಮಾನವಾದಾಗ, ತಿದ್ದುಪಡಿ ಜಾರಿಯಾದ ತಾರೀಖಿಗೆ ತಂದೆ ಬದುಕಿರಬೇಕಿತ್ತು ಎಂದು ನ್ಯಾಯಾಲಯ ಹೇಳಿತು. 2018ರಲ್ಲಿ ಕರ್ನಾಟಕದ್ದೇ ಇನ್ನೊಂದು ಕುಟುಂಬದ ಕೇಸಿನಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿ, ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲ ಎಂದಿತು. ಐದೇ ವರ್ಷದಲ್ಲಿ ಮೂರು ನಿಲುವು. ಈ ನಡುವೆ ‘ನಿನಗೆ ಹಕ್ಕಿಲ್ಲ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಬಿಡು’ ಎಂಬ ಸಲಹೆ ಕೇಳಿದ ಹೆಣ್ಣುಮಗಳಿಗೆ ಕಾನೂನು ಬದಲಾದ ಮೇಲೆ ಆ ಸಹಿ ತಂತಾನೇ ಅಳಿಸಿಹೋಗುವುದಿಲ್ಲ. ಹಳೆಯ ತೀರ್ಪನ್ನು ಹಿಡಿದುಕೊಂಡು ಕುಳಿತ ವಕೀಲರ ಆಲಸ್ಯ ಅವಳ ಪಾಲಿನ ನಷ್ಟವಾಗುತ್ತದೆ. ನಾರದನ ಲೆಕ್ಕ ಇಲ್ಲೂ ಚುಕ್ತಾ: ಸೋಲು ನೇಮಿಸಿದವಳದು.

ಆದ್ದರಿಂದ ಮೊದಲ ಭೇಟಿಯಲ್ಲಿ ಯಾರು ಏನು ಕೇಳುತ್ತಾರೆ ಎಂಬುದಕ್ಕೆ ಬೆಲೆಯಿದೆ. ಒಳ್ಳೆಯ ವಕೀಲರು ‘ಗೆಲ್ಲಿಸಿಕೊಡುತ್ತೇನೆ’ ಎನ್ನುವ ಮೊದಲು ಕಕ್ಷಿದಾರರಿಗೆ ಬೇಡವಾದ ಪ್ರಶ್ನೆಗಳನ್ನೇ ಕೇಳುತ್ತಾರೆ: ನಿಮ್ಮ ಸಂಬಳವೆಷ್ಟು, ಹೆಸರಿಗೆ ಸೈಟಿದೆಯೇ, ಎದುರಿನವರು ಹೇಳುವುದರಲ್ಲಿ ನಿಜವೆಷ್ಟು. 2020ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಜೀವನಾಂಶದ ಕೇಸಿನಲ್ಲಿ ಗಂಡಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು. ಸತ್ಯದ ಪರೀಕ್ಷೆಗೆ ಅದಕ್ಕಿಂತ ನೇರವಾದ ಕಾಗದ ಕೌಟುಂಬಿಕ ನ್ಯಾಯಾಲಯದಲ್ಲಿ ಇನ್ನೊಂದಿಲ್ಲ. ಬ್ಯಾಂಕ್ ಖಾತೆಗಳ ಕಾಲಂ ಬಂದಾಗ ‘ಆ ಎರಡನೇ ಖಾತೆ ಬರೆಯಬೇಡಿ, ಗೊತ್ತಾಗಲ್ಲ’ ಎನ್ನುವವರು ಒಂದು ಕಡೆ. ‘ಬರೆಯಿರಿ, ನಾಳೆ ಸುಳ್ಳು ಪ್ರಮಾಣದ ಕೇಸು ನಿಮ್ಮ ಮೇಲೆ ಬರುತ್ತದೆ, ನನ್ನ ಮೇಲಲ್ಲ’ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತು ಕೇಳಲು ಹಿತವಲ್ಲ. ಕಕ್ಷಿದಾರರು ಯಾರನ್ನು ಆರಿಸಿಕೊಂಡರು ಎಂಬುದೇ ಅವರು ಕೋರ್ಟಿಗೆ ಏನನ್ನು ಕೇಳಲು ಬಂದಿದ್ದಾರೆ ಎಂದು ಹೇಳಿಬಿಡುತ್ತದೆ.

ಫೀಸಿನ ಮಾತಿನಲ್ಲೂ ನಿಯಮವಿದೆ. ಗೆದ್ದರೆ ಇಷ್ಟು ಪಾಲು ಎಂದು ವಕೀಲರು ಕರಾರು ಮಾಡಿಕೊಳ್ಳುವಂತಿಲ್ಲ. ಜೀವನಾಂಶದ ಮೊತ್ತದಲ್ಲಿ ಶೇಕಡಾವಾರು ಕೇಳುವವರು ಅಲ್ಲಿಗೇ ನಿಯಮ ಮುರಿದಿದ್ದಾರೆ. ದುಡ್ಡಿಲ್ಲದ ಹೆಂಗಸರಿಗೆ, ಅಷ್ಟೇಕೆ ದುಡ್ಡಿದ್ದವರಿಗೂ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಆಯಿತು.

ಆರಿಸಿದ್ದು ತಪ್ಪಾಯಿತು ಎಂದು ನಡುವೆ ಅನಿಸಿದರೆ ವಕಾಲತ್ತನ್ನು ಹಿಂದಕ್ಕೆ ಪಡೆಯಲೂಬಹುದು. ನ್ಯಾಯಾಲಯದ ಅನುಮತಿ ಪಡೆದು ಹೊಸಬರನ್ನು ನೇಮಿಸಿಕೊಳ್ಳಬಹುದು. ಫೀಸು ಬಾಕಿಯಿದೆ ಎಂದು ಹಳೆಯ ವಕೀಲರು ಫೈಲು ಇಟ್ಟುಕೊಳ್ಳುವಂತಿಲ್ಲ, ಬಾಕಿಗೆ ಬೇರೆ ದಾರಿ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ಕೊಟ್ಟಿದೆ. ಕಾಗದಪತ್ರ ಕಕ್ಷಿದಾರರದು. ಅದರೊಳಗೆ ಬರೆದಿರುವ ಮಾತೂ ಅವರದೇ ಆಗಿರುವುದರಿಂದ, ಹೊಸ ವಕೀಲರಿಗೆ ಫೈಲು ಕೊಡುವ ಮೊದಲು ಅರ್ಜಿಯನ್ನು ಒಮ್ಮೆ ಕನ್ನಡದಲ್ಲಿ ಓದಿಸಿ ಕೇಳಿಸಿಕೊಂಡು, ಒಪ್ಪದ ಸಾಲುಗಳ ಪಕ್ಕ ಗುರುತು ಹಾಕಿಕೊಂಡು ಹೋಗುವುದು ಒಳ್ಳೆಯದು.